ಬಿಎಸ್ಸಿ, ಬಿಎ ಎರಡರಲ್ಲೂ ಕೂತು ನೋಡಿದ ಮೇಲೆ

ಪಿಯುಸಿ ಮುಗಿಸಿದವರು ಬಿಎಸ್ಸಿಯೋ ಬಿಎಯೋ ಅಂತ ಕೇಳಿದರೆ ಎಲ್ಲರೂ ಕೆಲಸ, ಸಂಬಳದ ಲೆಕ್ಕ ಹೇಳುತ್ತಾರೆ. ಕ್ಲಾಸಿನಲ್ಲಿ ಮನಸ್ಸು ನಿಲ್ಲುತ್ತದಾ ಅನ್ನುವ ಮಾತೇ ಬರುವುದಿಲ್ಲ. ನಾನು ಮೊದಲು ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಗೊಂಡು ಬಿಎಸ್ಸಿಗೆ ಸೇರಿದ್ದೆ. ಆಮೇಲೆ ಅದನ್ನು ಬಿಟ್ಟು ಬಿಎ ಎಚ್‌ಇಪಿ ಓದಿದೆ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎರಡೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೇ.

75 ಪರ್ಸೆಂಟ್ ಹಾಜರಾತಿ ಎರಡೂ ಕಡೆ ಬೇಕು. ಆದರೆ ಬಿಎಸ್ಸಿಯವರನ್ನು ನಿಜಕ್ಕೂ ಎಳೆದು ತರುವುದು ಲ್ಯಾಬು. ಪ್ರ್ಯಾಕ್ಟಿಕಲ್ ತಪ್ಪಿಸಿದರೆ ರೆಕಾರ್ಡಿಗೆ, ಅಂದರೆ ಪ್ರಯೋಗ ಬರೆದಿಡುವ ಪುಸ್ತಕಕ್ಕೆ, ಸಹಿ ಬೀಳುವುದಿಲ್ಲ. ಬ್ಯುರೆಟ್‌ನಿಂದ (ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ) ಪೊಟ್ಯಾಶಿಯಂ ಪರ್ಮಾಂಗನೇಟ್ ದ್ರಾವಣ ತೊಟ್ಟು ತೊಟ್ಟಾಗಿ ಬಿಡುವಾಗ ಯಾರ ಕಣ್ಣೂ ಮೊಬೈಲ್ ಮೇಲೆ ಇರುವುದಿಲ್ಲ. ತಿಳಿ ಗುಲಾಬಿ ಬಣ್ಣ ನಿಂತ ಕೂಡಲೇ ನಲ್ಲಿ ತಿರುಗಿಸದಿದ್ದರೆ ರೀಡಿಂಗ್ ಕೆಟ್ಟಂತೆ. ಸ್ನೇಹ ಬೆಳೆಯುವುದೂ ಅಲ್ಲೇ. ಒಂದು ಮೋಸವೂ ಇದೆ. ಸೋಡಿಯಂ ದೀಪದ ತರಂಗಾಂತರ 5893 ಆಂಗ್‌ಸ್ಟ್ರಾಂ ಅಂತ ಸೀನಿಯರ್ ರೆಕಾರ್ಡಿನಲ್ಲೇ ಇರುತ್ತದಲ್ಲ, ಪ್ರಯೋಗ ಮಾಡದೆ ಆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ!

ಥಿಯರಿ ಕ್ಲಾಸು ಮಾತ್ರ ತುಂಬಿಯೂ ಸಪ್ಪೆ. ಬೋರ್ಡ್ ತುಂಬ ಡಿರೈವೇಶನ್, ಬೆಂಚಿನಲ್ಲಿ ಸುಮ್ನೆ ನಕಲು ಇಳಿಸುವ ನಾವು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು ಇಂಗ್ಲಿಷಿನಲ್ಲಿ ಹೇಗಪ್ಪಾ ಕೇಳೋದು ಅಂತ ಬಾಯೇ ತೆಗೆಯುತ್ತಿರಲಿಲ್ಲ.

ಬಿಎಯಲ್ಲಿ ಬೆಂಚೇ ಖಾಲಿ. ಬಾರದಿದ್ದರೆ ನಷ್ಟ ಅಂತ ಅನ್ನಿಸುವಂಥದ್ದು ಏನೂ ಇಲ್ಲ, ಪರೀಕ್ಷೆ ಹತ್ತಿರ ಬಂದಾಗ ಗೈಡ್ ಇದ್ದೇ ಇದೆ. ಕೆಲವರು ಅಂಗಡಿ ಕೆಲಸಕ್ಕೆ, ಕೆಲವರು ಹೊಲಕ್ಕೆ. ಹಾಗಂತ ಓದುವ ಆಸೆ ಇಲ್ಲ ಅನ್ನಬೇಡಿ. ಕ್ಲಾಸಿನಲ್ಲಿ ಕಾಣದವರು ಲೈಬ್ರರಿಯಲ್ಲಿ ಪಿಎಸ್‌ಐ, ಎಫ್‌ಡಿಎ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಾ ಸಿಗುತ್ತಿದ್ದರು.

ಆದರೆ ಪಂಚಾಯತ್ ರಾಜ್ ಪಾಠ ನಡೆದಾಗ ಆ ಕ್ಲಾಸನ್ನು ನೋಡಬೇಕಿತ್ತು. 1993ರಲ್ಲಿ ಜಾರಿಯಾದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸೀಟು ಕೊಟ್ಟಿತು, ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು ಅಂತ ಮೇಡಂ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, 'ಮೇಡಂ, ನಮ್ಮ ದೊಡ್ಡಮ್ಮ ಮೆಂಬರ್. ಮೀಟಿಂಗಿಗೆ ಹೋಗೋದು ದೊಡ್ಡಪ್ಪ' ಅಂದಳು. ಅಲ್ಲಿಂದ ಶುರುವಾದ ಜಗಳ ಬೆಲ್ ಹೊಡೆದರೂ ನಿಲ್ಲಲಿಲ್ಲ. ಗ್ರಾಮಸಭೆ ಯಾವಾಗ ನಡೆಯಿತು, ನರೇಗಾ ಕೂಲಿ ಯಾರಿಗೆ ಬಂತು, ಎಲ್ಲಾ ಹೊರಬಂತು. ಇಂಥ ಮಾತು ಬಿಎಸ್ಸಿಯಲ್ಲಿ ನಾನು ಕೇಳಲೇ ಇಲ್ಲ. ಬೇಸರ ಅಂದರೆ ಇದು ಮೇಡಂ ಮೇಲೆ ನಿಂತಿತ್ತು. ಅವರು ರಜೆ ಹಾಕಿದರೆ ಕ್ಲಾಸು ಮತ್ತೆ ಖಾಲಿ. ಹದಿನೈದು ದಿನಕ್ಕೊಮ್ಮೆ ಊರಿನ ಸರ್ವೆ ಮಾಡಿಸಿ ಅದಕ್ಕೂ ರೆಕಾರ್ಡ್, ಸಹಿ ಇಟ್ಟರೆ ಬಿಎಗೂ ಒಂದು ಲ್ಯಾಬು ಸಿಗುತ್ತದೆ, ಅಲ್ವಾ?

ನನಗೆ ಎಚ್‌ಇಪಿ ಜಾಸ್ತಿ ಒಗ್ಗಿತು. ತಮ್ಮನಿಗೆ ಮಾತ್ರ ಪಿಸಿಎಂ ತಗೋ ಅಂದೆ. ಗಣಿತದಲ್ಲಿ ಅವನು ಚುರುಕು, ಆದರೆ ರೆಕಾರ್ಡಿನ ಭಯ ಇಲ್ಲದಿದ್ದರೆ ಇಡೀ ಸೆಮಿಸ್ಟರ್ ಕ್ರಿಕೆಟ್ ಮೈದಾನದಲ್ಲೇ ಇರುತ್ತಾನೆ.