ಮಕ್ಕಳ ಶಿಕ್ಷಣದ ಎಂಡೋಮೆಂಟ್ ಪಾಲಿಸಿ: ಮಾತಿಗೆ ಪೂರ್ಣ ಅಂಕ, ಲೆಕ್ಕಕ್ಕೆ ಅರ್ಧ

"ನಾಳೆ ನೀವೇ ಇಲ್ಲ ಅಂದ್ರೆ ಪಾಪು ಫೀಸ್ ಯಾರು ಕಟ್ತಾರೆ ಸಾರ್?" ವಿಮೆ, ಉಳಿತಾಯ ಎರಡೂ ಸೇರಿದ, ಬೋನಸ್ ಸಹಿತ ಎಂಡೋಮೆಂಟ್ ಪಾಲಿಸಿಯನ್ನು 'ಮಕ್ಕಳ ಪ್ಲಾನ್' ಎಂದು ಮಾರುವುದೆಲ್ಲ ಈ ಪ್ರಶ್ನೆಯ ಬಲದಿಂದಲೇ. ಪ್ರಶ್ನೆಯಲ್ಲಿ ಸುಳ್ಳಿಲ್ಲ. ದುಡಿಯುವವರು ಒಬ್ಬರೇ ಇರುವ ಮನೆಯಲ್ಲಿ ಅದನ್ನು ಕೇಳಿಕೊಳ್ಳಲೇಬೇಕು. ಎಡವಟ್ಟಿರುವುದು ಉತ್ತರದಲ್ಲಿ.

ವರ್ಷಕ್ಕೆ 50,000 ರೂಪಾಯಿಯಂತೆ 15 ವರ್ಷ ಕಟ್ಟುವ ಪಾಲಿಸಿ ಎಂದುಕೊಳ್ಳಿ. ವಿಮಾ ಮೊತ್ತ ಸಾಮಾನ್ಯವಾಗಿ ವಾರ್ಷಿಕ ಕಂತಿನ ಹತ್ತು ಪಟ್ಟಿನ ಆಸುಪಾಸು, ಅಂದರೆ 5 ಲಕ್ಷ. ಸಾವಿನ ಭಯ ತೋರಿಸಿ ಮಾರಿದ್ದು ಸಾವು ಬಂದಾಗ ಕೊಡುವುದು ಇಷ್ಟು, ಜೊತೆಗೆ ಅಲ್ಲಿಯವರೆಗೆ ಸೇರಿದ ಬೋನಸ್, ಅಷ್ಟೇ! ಮೂವತ್ತರ ಆಸುಪಾಸಿನ, ಸಿಗರೇಟು ಸೇದದ ಆರೋಗ್ಯವಂತರಿಗೆ 1 ಕೋಟಿಯ ಟರ್ಮ್ ಪಾಲಿಸಿ (ಸಾವು ಬಂದರೆ ಮಾತ್ರ ಹಣ ಕೊಡುವ ಬರೀ ವಿಮೆ) ವರ್ಷಕ್ಕೆ ಸುಮಾರು 10ರಿಂದ 15 ಸಾವಿರಕ್ಕೆ ಸಿಗುತ್ತದೆ. ಉಳಿದ 35,000 ಪ್ರತಿ ವರ್ಷ ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಹಾಕಿದರೆ, 7.1% ದರದಲ್ಲಿ 15 ವರ್ಷಕ್ಕೆ ಸುಮಾರು 9.49 ಲಕ್ಷ.

ಇನ್ನು ಲಾಭದ ಅಂದಾಜು ಪಟ್ಟಿ. ಅದರಲ್ಲಿ 4%, 8% ಎಂದು ಎರಡು ಕಾಲಂ ಇರುತ್ತವೆ. ಏಜೆಂಟರ ಬೆರಳು 8% ಬಿಟ್ಟು ಕದಲುವುದಿಲ್ಲ. ಆ 8% ಕಂಪನಿಯ ನಿಧಿ ಗಳಿಸಬಹುದೆಂದು ಊಹಿಸಿದ ದರ. ಖರ್ಚು, ವಿಮಾ ವೆಚ್ಚ ಕಳೆದ ಮೇಲೆ ಉಳಿಯುವುದು ನಿಮ್ಮದು. ಆ ಕಾಲಂನಲ್ಲಿ 15 ವರ್ಷದ ಕೊನೆಗೆ 11.33 ಲಕ್ಷ ಎಂದಿದ್ದರೆ ಎಕ್ಸೆಲ್‌ನ 'ರೇಟ್' (RATE) ಫಾರ್ಮುಲಾಗೆ 15, -50000, 0, 1133000, 1 ಎಂದು ಕೊಟ್ಟು ನೋಡಿ: ನಿಮ್ಮ ಕೈಗೆ ಸಿಗುವ ವಾರ್ಷಿಕ ದರ 5% ಎಂದು ಬರುತ್ತದೆ.

ಮೆಚ್ಚಬೇಕಾದದ್ದು ಪ್ರೀಮಿಯಂ ಮನ್ನಾ ಸೌಲಭ್ಯ. ಕಂತು ಕಟ್ಟುವ ತಂದೆ ಅಥವಾ ತಾಯಿ ತೀರಿಕೊಂಡರೆ ಮುಂದಿನ ಕಂತುಗಳು ಮಾಫಿ, ಪಾಲಿಸಿ ಮಾತ್ರ ನಡೆಯುತ್ತದೆ. ಕೆಲವು ಪಾಲಿಸಿಗಳಲ್ಲಿ ಇದಕ್ಕೆ ಪ್ರತ್ಯೇಕ ರೈಡರ್ (ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳುವ ಸೌಲಭ್ಯ) ಕೊಳ್ಳಬೇಕು; ಬಾಯಿಮಾತು ನಂಬದೆ ಪಾಲಿಸಿ ಬಾಂಡ್‌ನಲ್ಲಿ ಹುಡುಕಿ.

ಮನಸ್ಸು ಕರಗಿದ ಹೊತ್ತಿಗೇ ಪ್ರಪೋಸಲ್ ಫಾರಂ (ಪಾಲಿಸಿಯ ಅರ್ಜಿ) ಮುಂದೆ ಬರುತ್ತದೆ. ಶುಗರ್, ಬಿಪಿ ಪ್ರಶ್ನೆಗಳಿಗೆ ಏಜೆಂಟರೇ 'ಇಲ್ಲ' ಎಂದು ಟಿಕ್ ಹಾಕಿಬಿಟ್ಟರೆ ಅಪಾಯ: ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೊದಲ ಮೂರು ವರ್ಷದಲ್ಲಿ ಮುಖ್ಯ ವಿಷಯ ಮುಚ್ಚಿಟ್ಟ ಕಾರಣಕ್ಕೆ ಕಂಪನಿ ಕ್ಲೇಮ್ ತಳ್ಳಿಹಾಕಬಹುದು. ಯಾವ ಮಗುವಿಗಾಗಿ ಸಹಿ ಹಾಕಿದರೋ ಆ ಮಗುವಿಗೇ ಹಣ ತಪ್ಪುತ್ತದೆ.

ಈಗಾಗಲೇ ಸಹಿ ಹಾಕಿದ್ದರೆ, ಬಾಂಡ್ ಕೈಸೇರಿದ ದಿನದಿಂದ 30 ದಿನದೊಳಗೆ ಫ್ರೀ ಲುಕ್ ಅರ್ಜಿ (ಪಾಲಿಸಿ ಬೇಡವೆಂದು ಹಿಂದಿರುಗಿಸುವ ಅರ್ಜಿ) ಕೊಡಿ. ಅರ್ಜಿಯನ್ನು ಏಜೆಂಟರ ಕೈಗಲ್ಲ, ಶಾಖೆಗೇ ಕೊಟ್ಟು ದಿನಾಂಕದ ಸೀಲ್ ಇರುವ ಸ್ವೀಕೃತಿ ಪಡೆಯಿರಿ. ಅಷ್ಟು ದಿನದ ವಿಮಾ ವೆಚ್ಚ, ವೈದ್ಯಕೀಯ ತಪಾಸಣೆ, ಸ್ಟಾಂಪ್ ಶುಲ್ಕ ಕಳೆದು ಉಳಿದ ಹಣ ವಾಪಸ್ ಬರುತ್ತದೆ.