ಡಮ್ಮಿ ವಿದ್ಯಾರ್ಥಿಗೆ ಎಲ್ಲದರಲ್ಲೂ 80 ಕೊಡಬೇಡಿ

ಶಾಲೆಯ ಸಾಫ್ಟ್‌ವೇರ್‌ನಲ್ಲಿ ವಿಷಯ, ಪರೀಕ್ಷೆ, ವೇಟೇಜ್ (ಕೊನೆಯ ಅಂಕದಲ್ಲಿ ಯಾವ ಪರೀಕ್ಷೆಗೆ ಎಷ್ಟು ಪಾಲು ಅನ್ನುವುದು) ಎಲ್ಲ ಸೆಟ್ ಮಾಡುವ ಕೆಲಸ ನಿಮ್ಮ ತಲೆಗೂ ಬಿದ್ದಿದ್ದರೆ, ಶುರು ಮಾಡುವ ಮೊದಲು ಇದನ್ನು ಓದಿ. ನನ್ನ ತಲೆಗೆ ಬಿದ್ದಿದ್ದು ನಾನು ಗಣಿತದ ಮೇಷ್ಟ್ರು ಅನ್ನುವ ಒಂದೇ ಕಾರಣಕ್ಕೆ. ಗಣಿತದವರಿಗೆ ಶೇಕಡಾ ಲೆಕ್ಕ ತಪ್ಪುವುದಿಲ್ಲ ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಎಲ್ಲವನ್ನೂ ಹೊಸದಾಗಿ ತುಂಬುವುದಕ್ಕೆ ಬೇಜಾರಾಗಿ ಹಿಂದಿನ ವರ್ಷದ ಸೆಟಪ್ಪನ್ನೇ ಈ ವರ್ಷಕ್ಕೂ ಆರಿಸಿಕೊಂಡೆ. ಕಿರುಪರೀಕ್ಷೆಗೆ 20, ಪ್ರಾಜೆಕ್ಟ್‌ಗೆ 10, ಅಂತಿಮ ಪರೀಕ್ಷೆಗೆ 70 ಇತ್ತು. ಈ ವರ್ಷ ಮೌಖಿಕಕ್ಕೆ 10 ಸೇರಿಸಬೇಕಿತ್ತು, ಸೇರಿಸಿದೆ. ಅಂತಿಮ ಪರೀಕ್ಷೆಯನ್ನು 60ಕ್ಕೆ ಇಳಿಸುವುದು ಮರೆತೆ. ಒಟ್ಟು 110 ಆಯಿತು. ಸಾಫ್ಟ್‌ವೇರ್ ಆಗಲೇ ತಕರಾರು ಮಾಡಬೇಕಿತ್ತು ಅಲ್ವಾ? ಮಾಡಲಿಲ್ಲ. 110ನ್ನೇ ಪೂರ್ತಿ ಅಂತ ಹಿಡಿದು ಸುಮ್ನೆ ನೂರಕ್ಕೆ ಇಳಿಸಿಕೊಂಡಿತು.

ನಾನು ಪರೀಕ್ಷಿಸದೆ ಬಿಟ್ಟಿರಲಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಒಬ್ಬ ಡಮ್ಮಿ ವಿದ್ಯಾರ್ಥಿಯನ್ನು ಸೇರಿಸಿ, ಎಲ್ಲದರಲ್ಲೂ ಶೇಕಡಾ 80 ಹಾಕಿದೆ. ಕೊನೆಗೆ 80 ಬಂತು. ಸರಿ ಇದೆ ಅಂತ ಮಾರ್ಕ್ಸ್ ಕಾರ್ಡ್ ಪ್ರಿಂಟಿಗೆ ಕೊಟ್ಟೆ. ಎಲ್ಲದರಲ್ಲೂ ಒಂದೇ ಶೇಕಡಾ ಹಾಕಿದರೆ ವೇಟೇಜ್ ಏನೇ ಇರಲಿ, ಉತ್ತರ ಅದೇ ಬರುತ್ತದೆ. ಇದನ್ನು ಮಕ್ಕಳಿಗೆ ಪಾಠ ಮಾಡುವವನು ನಾನೇ!

ಒಬ್ಬ ಹುಡುಗಿ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಲೆಕ್ಕ ಮಾಡಿಕೊಂಡು ಬಂದು, "ಸರ್, ನನಗೆ 62 ಬರಬೇಕು, 60 ಬಂದಿದೆ" ಅಂದಳು. ಅಂತಿಮ ಪರೀಕ್ಷೆಯಲ್ಲಿ ಅವಳಿಗೆ ಶೇಕಡಾ 40, ಉಳಿದ ಎಲ್ಲದರಲ್ಲೂ 95. ಅವಳ ಲೆಕ್ಕವೇ ಸರಿ. ಇದಕ್ಕೆ ಉಲ್ಟಾ, ಅಂತಿಮದಲ್ಲಿ 95, ಉಳಿದದ್ದರಲ್ಲಿ 40 ಇದ್ದವರಿಗೆ 73ರ ಬದಲು 75 ಬಂದಿರುತ್ತದೆ. ಅಂಥವರು ಯಾರೂ ದೂರು ತರಲಿಲ್ಲ ಬಿಡಿ.

ಗಾಬರಿಯಲ್ಲಿ 70ನ್ನು 60 ಮಾಡಿ ಸೇವ್ ಒತ್ತಿದೆ. ಅದು ಇನ್ನೂ ದೊಡ್ಡ ತಪ್ಪು. ನಾನು ಕಾಪಿ ಅಂದುಕೊಂಡಿದ್ದು ಕಾಪಿ ಆಗಿರಲೇ ಇಲ್ಲ, ಎರಡೂ ವರ್ಷಕ್ಕೆ ಒಂದೇ ಸೆಟಪ್ ಅಂಟಿಕೊಂಡಿತ್ತು. ಮೌಖಿಕ ಸೇರಿಸಿದಾಗ ಹಳೆಯ ಅಂಕ ಅಲ್ಲಾಡಿರಲಿಲ್ಲ, ಯಾಕೆಂದರೆ ಹಿಂದಿನ ವರ್ಷದವರಿಗೆ ಆ ಜಾಗ ಖಾಲಿ, ಖಾಲಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 60 ಮಾಡಿದ ತಕ್ಷಣ ಮಾತ್ರ ಅವರ ಲೆಕ್ಕ 20, 10, 60 ಆಗಿ, ಒಟ್ಟು 90ರ ಮೇಲೆ ಮತ್ತೆ ನಡೆಯಿತು. ವರ್ಷದ ಹಿಂದೆ ಸಹಿ ಹಾಕಿ ಕೊಟ್ಟ ಕಾರ್ಡಿನಲ್ಲಿ ಒಂದು ಅಂಕ, ಸ್ಕ್ರೀನಿನಲ್ಲಿ ಇನ್ನೊಂದು. ಒಬ್ಬ ಹಳೆಯ ವಿದ್ಯಾರ್ಥಿ ಎರಡನೇ ಪ್ರತಿ ಕೇಳಿಕೊಂಡು ಬರುವವರೆಗೂ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಹಳೆಯ ಪಿಡಿಎಫ್ ಎದುರಿಗಿಟ್ಟುಕೊಂಡು, ಈ ವರ್ಷಕ್ಕೆ ಬೇರೆಯೇ ಸೆಟಪ್ ಮಾಡಿ, ಹಳೆಯದನ್ನು 70ಕ್ಕೆ ವಾಪಸ್ ತಂದು ಲಾಕ್ ಮಾಡಿದೆ. ಲಾಕ್ ಬಟನ್ ಮೊದಲಿನಿಂದಲೂ ಅಲ್ಲೇ ಇತ್ತು.

ಈಗ ಡಮ್ಮಿಗೆ ಒಂದರಲ್ಲಿ ಮಾತ್ರ ಪೂರ್ತಿ ಅಂಕ, ಉಳಿದದ್ದಕ್ಕೆಲ್ಲ ಸೊನ್ನೆ ಹಾಕುತ್ತೇನೆ. ಬರುವ ಉತ್ತರ ಅದರ ವೇಟೇಜೇ ಆಗಿರಬೇಕು. ಅವತ್ತು ಹೀಗೆ ಮಾಡಿದ್ದರೆ ಅಂತಿಮ ಪರೀಕ್ಷೆಗೆ 60ರ ಬದಲು 63.6 ಬಂದು ಅಲ್ಲೇ ಸಿಕ್ಕಿಬೀಳುತ್ತಿತ್ತು. ಇದರಿಂದ ಇನ್ನೊಂದು ಹುಳುಕೂ ಸಿಕ್ಕಿತು. ನಮ್ಮ ಎರಡು ಕಿರುಪರೀಕ್ಷೆಗಳಲ್ಲಿ ಒಂದು 10 ಅಂಕದ್ದು, ಇನ್ನೊಂದು 40ರದ್ದು, ಎರಡಕ್ಕೂ ಸಮಪಾಲು ಅಂತ ನಾವು ಅಂದುಕೊಂಡಿದ್ದೆವು. 10ರದ್ದರಲ್ಲಿ ಮಾತ್ರ ಪೂರ್ತಿ ಕೊಟ್ಟು ನೋಡಿದೆ. 10 ಬರಬೇಕಾದಲ್ಲಿ 4 ಬಂತು. ಎರಡನ್ನೂ ಕೂಡಿಸಿ 50ರ ಮೇಲೆ ಲೆಕ್ಕ ಹಾಕುತ್ತಿತ್ತು.

ಹಾಂ, ಸೊನ್ನೆಯನ್ನು ಟೈಪ್ ಮಾಡಿಯೇ ಹಾಕಿ. ಖಾಲಿ ಬಿಟ್ಟರೆ ಎಲ್ಲದಕ್ಕೂ 100 ಅಂತಲೇ ತೋರಿಸುತ್ತದೆ.