ಹಾಟ್ ಸ್ವಾಪ್ ಅಂತ ನಂಬಿಸಿದರು, ಆಮೇಲೆ "ನಮ್ಮ ಸ್ಕೋಪ್ ಅಲ್ಲ" ಅಂದರು

ಎಐಎಕ್ಸ್ (ಐಬಿಎಂನ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್) ಸರ್ವರ್ ನೋಡಿಕೊಳ್ಳೋಕೆ ಹೊರಗಿನವರಿಗೆ ಕಾಂಟ್ರಾಕ್ಟ್ ಕೊಟ್ಟಿರುವವರು ದಯವಿಟ್ಟು ಓದಿ. ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಸರ್ವರ್‌ನಲ್ಲಿ ಸ್ಟೋರೇಜ್ ಡಿಸ್ಕ್‌ಗಳಿಗೆ ಜೋಡಿಸುವ ಎರಡು ಫೈಬರ್ ಚಾನೆಲ್ ಕಾರ್ಡ್: ಎಫ್‌ಸಿಎಸ್0, ಎಫ್‌ಸಿಎಸ್1. ಎಫ್‌ಸಿಎಸ್1 ಕೈಕೊಟ್ಟಿತು. ಡೇಟಾಬೇಸ್ ಎಫ್‌ಸಿಎಸ್0 ಒಂದರ ಮೇಲೇ ಓಡುತ್ತಿತ್ತು. ಕಾಂಟ್ರಾಕ್ಟ್‌ನವರಿಗೆ ಕಾಲ್ ಹಾಕಿದೆ. ಕಾರ್ಡ್ ತರುವ ಮೊದಲೇ ಮೇಲ್‌ನಲ್ಲಿ ಕೇಳಿದ್ದೆ: ಹೊಸ ಕಾರ್ಡಿನ ಡಬ್ಲ್ಯೂಡಬ್ಲ್ಯೂಪಿಎನ್ (ಪ್ರತಿ ಕಾರ್ಡಿಗೂ ಬೇರೆಯಾದ ಗುರುತಿನ ನಂಬರ್) ಕಳಿಸಿ, ಸ್ಟೋರೇಜ್ ಟೀಮಿಗೆ ಮುಂಚೆಯೇ ಕೊಡಬೇಕು. ಬಂದ ಉತ್ತರ: "ಸಾರ್, ಇದು ಹಾಟ್ ಸ್ವಾಪ್. ತೆಗೆದು ಹಾಕೋದು ಅಷ್ಟೇ. ನಿಮ್ಮ ಕಡೆ ಏನೂ ಬದಲಾಗಲ್ಲ."

ಹಾಟ್ ಸ್ವಾಪ್ ಅಂದರೆ ಸರ್ವರ್ ನಿಲ್ಲಿಸದೆಯೇ ಕಾರ್ಡ್ ಬದಲಿಸೋದು. ಏನೂ ಬದಲಾಗಲ್ಲವಂತೆ!

ಇಂಜಿನಿಯರ್ ಬಂದವನೇ ಕವರ್ ತೆಗೆದು ಸೀದಾ ಕಾರ್ಡಿಗೆ ಕೈ ಹಾಕಿದ. ಸ್ಲಾಟಿಗೆ ಇನ್ನೂ ಕರೆಂಟ್ ಇದೆ! ನಾನೇ ತಡೆದೆ. ಎಲ್‌ಎಸ್‌ಪಾತ್ (ಡಿಸ್ಕಿಗೆ ಹೋಗುವ ದಾರಿಗಳನ್ನು, ಅಂದರೆ ಪಾತ್‌ಗಳನ್ನು, ತೋರಿಸುವ ಕಮಾಂಡ್) ಕೊಟ್ಟು ಇನ್ನೊಂದು ಪಾತ್ ಸರಿಯಾಗಿದೆಯಾ ಅಂತ ನೋಡಿಲ್ಲ. ಆರ್‌ಎಂಡೆವ್ ಕಮಾಂಡ್ ಕೊಟ್ಟು ಡಿವೈಸನ್ನು ಸಿಸ್ಟಮ್‌ನಿಂದ ಬಿಡಿಸಿಲ್ಲ. ಡಯಾಗ್ ಎಂಬ ತಪಾಸಣೆ ಪ್ರೋಗ್ರಾಮಿನ ಹಾಟ್ ಪ್ಲಗ್ ಮೆನು ತೆರೆದೇ ಇಲ್ಲ. ಅಲ್ಲಿ ಸ್ಲಾಟ್ ಆರಿಸಿದರೆ ದೀಪ ಮಿಣುಕಿ ಯಾವ ಕಾರ್ಡ್ ಅಂತ ತೋರಿಸುತ್ತದೆ, ಆಮೇಲೆ ಆ ಸ್ಲಾಟಿನ ಕರೆಂಟ್ ಮಾತ್ರ ತೆಗೆಯುತ್ತದೆ. ಹಾಟ್ ಸ್ವಾಪ್ ಅಂದರೆ ಇದು. ಎರಡು ಕಾರ್ಡೂ ನೋಡೋಕೆ ಒಂದೇ ಥರ. ತಪ್ಪಿ ಎಫ್‌ಸಿಎಸ್0 ಎಳೆದಿದ್ದರೆ ಡೇಟಾಬೇಸ್ ಅಲ್ಲೇ ಮಲಗುತ್ತಿತ್ತು.

"ಬೇರೆ ಕಡೆ ಹೀಗೇ ಮಾಡ್ತೀವಿ ಸಾರ್" ಅಂದ.

ಕೊನೆಗೆ ಕ್ರಮವಾಗಿ ಕಾರ್ಡ್ ಹಾಕಿಸಿದೆ. ಹೊಸ ಡಿವೈಸ್ ಹುಡುಕುವ ಸಿಎಫ್‌ಜಿಎಂಜಿಆರ್ ಕಮಾಂಡ್ ಓಡಿಸಿದೆ, ಎಫ್‌ಸಿಎಸ್1 ಅವೈಲಬಲ್ ಅಂತ ಬಂತು. ಅವನು ಆಗಲೇ ಸರ್ವಿಸ್ ರಿಪೋರ್ಟ್ ಮುಂದೆ ಹಿಡಿದಿದ್ದ. "ಆಯ್ತು ಸಾರ್, ಸೈನ್ ಹಾಕಿ."

ಎಲ್‌ಎಸ್‌ಪಾತ್ ಕೊಟ್ಟೆ. ಎಫ್‌ಎಸ್‌ಸಿಎಸ್‌ಐ1 (ಎಫ್‌ಸಿಎಸ್1 ಮೂಲಕ ಹೋಗುವ ಪಾತ್‌ಗಳ) ಸಾಲುಗಳಲ್ಲಿ ಒಂದೂ ಎನೇಬಲ್ಡ್ ಇಲ್ಲ. ಎಲ್‌ಎಸ್‌ಸಿಎಫ್‌ಜಿ ಕಮಾಂಡಿನಲ್ಲಿ ನೆಟ್‌ವರ್ಕ್ ಅಡ್ರೆಸ್, ಅಂದರೆ ಆ ಡಬ್ಲ್ಯೂಡಬ್ಲ್ಯೂಪಿಎನ್, ನೋಡಿದೆ. 16 ಅಂಕಿಯ ಹೊಸ ನಂಬರ್! ಸ್ವಿಚ್‌ನ ಜೋನಿಂಗ್‌ನಲ್ಲಿ (ಯಾವ ಕಾರ್ಡ್ ಯಾವ ಸ್ಟೋರೇಜ್ ನೋಡಬಹುದು ಅನ್ನೋ ಪಟ್ಟಿ) ಹಳೇ ನಂಬರ್, ಸ್ಟೋರೇಜ್‌ನಲ್ಲೂ ಹಳೇ ನಂಬರ್. ಡಿಸ್ಕ್ ಕಾಣೋದಾದರೂ ಹೇಗೆ? ಆ ನಂಬರ್ ಕಾರ್ಡಿನ ಲೇಬಲ್ ಮೇಲೇ ಅಚ್ಚಾಗಿತ್ತು. ಓದಿ ಕಳಿಸೋಕೆ ಒಂದು ನಿಮಿಷ ಸಾಕಿತ್ತು. ನಾನು ಕೇಳಿದ್ದೇ ಅದನ್ನು. ಕೇಳಿದ್ದೇ ಅದನ್ನು!

ಅವರ ಮ್ಯಾನೇಜರ್‌ಗೆ ಫೋನ್ ಮಾಡಿದೆ. "ಜೋನಿಂಗ್ ನಮ್ಮ ಸ್ಕೋಪ್ ಅಲ್ಲ. ಕಾರ್ಡ್ ಡಿಟೆಕ್ಟ್ ಆಗಿದೆ ಅಲ್ವಾ?" ಅವರದೇ ಮೇಲ್ ಓದಿ ಹೇಳಿದೆ. "ಅದು ಜನರಲ್ ಆಗಿ ಹೇಳಿದ್ದು ಸಾರ್." ಜನರಲ್ ಆಗಿ! ಸಂಜೆಗೆ ಎರಡೂ ಪಾತ್ ಸಿಗುತ್ತದೆ ಅಂತ ಇವರ ಮಾತಿನ ಮೇಲೆ ಅಪ್ಲಿಕೇಶನ್ ಟೀಮಿಗೆ ಹೇಳಿದ್ದೆ. ಅವರೆದುರು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಜೋನಿಂಗ್ ಬದಲಿಸೋಕೆ ಅನುಮತಿ ಸಿಗುವವರೆಗೆ ಡೇಟಾಬೇಸ್ ಒಂದೇ ಪಾತ್ ಮೇಲೆ, ನಾನು ನಿದ್ದೆಗೆಟ್ಟು.

ಇದಕ್ಕಿಂತ ಜಾಸ್ತಿ ಉರಿದದ್ದು ಬೇರೆ. ನಾನು ಸೈನ್ ಹಾಕಿರಲಿಲ್ಲ. ಆದರೂ ಮರುದಿನ ಟಿಕೆಟ್ ಕ್ಲೋಸ್ ಆಗಿತ್ತು, ಕೆಳಗೆ "ಗ್ರಾಹಕರು ಒಪ್ಪಿದ್ದಾರೆ" ಅಂತ ಷರಾ. ಯಾವ ಗ್ರಾಹಕರು? ಯಾವಾಗ ಒಪ್ಪಿದ್ದು? ಕೇಳಿದರೆ, "ಸಿಸ್ಟಮ್ ತಾನೇ ಹಾಕುತ್ತೆ ಸಾರ್."

ನೀವು ಹೀಗೆ ಮಾಡಿ. ಹೊಸ ಕಾರ್ಡಿನ ನಂಬರ್ ಕೈಗೆ ಬರದೆ ಇಂಜಿನಿಯರನ್ನು ಒಳಗೇ ಬಿಡಬೇಡಿ. ಎಲ್‌ಎಸ್‌ಪಾತ್ ಔಟ್‌ಪುಟ್ ಮೊದಲೂ ಆಮೇಲೂ ತೆಗೆದಿಡಿ. ಆರ್‌ಎಂಡೆವ್‌ಗೆ ಡಿ ಆಪ್ಷನ್ ಸೇರಿಸೋಕೆ ಬಿಡಬೇಡಿ, ಹಳೇ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗುತ್ತದೆ. ಕಾಂಟ್ರಾಕ್ಟ್‌ನಲ್ಲಿ "ಕಾರ್ಡ್ ಬದಲಾವಣೆ" ಅಂತ ಸುಮ್ನೆ ಬರೆದಿದ್ದರೆ ಈಗಲೇ ತಿದ್ದಿಸಿ, ಪಾತ್‌ಗಳೆಲ್ಲ ಎನೇಬಲ್ಡ್ ಆದಮೇಲೇ ಕೆಲಸ ಮುಗಿದಂತೆ ಅಂತ ಬರೆಸಿ. ನಮ್ಮದರಲ್ಲಿ ಆ ಸಾಲು ಇಲ್ಲ. ಅದನ್ನೇ ಹಿಡಿದುಕೊಂಡು ಅವರು ಇವತ್ತಿಗೂ ವಾದ ಮಾಡುತ್ತಿದ್ದಾರೆ.